ಗಾಡಿಯ ಮೂಗುದಾರ

ನಮ್ಮ ಚಳ್ಳಕೆರೆಯ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಅಮೃತಮಹಲ್ ಕಾವಲುಗಳ ವಿಚಾರವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಮೈಸೂರಿನ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆಂದು ಮೊದಲಾಗಿ, ಟೀಪೂ ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದ ಆ ದನಗಳ ತಳಿಯು ಹಾಲಿಗಿಂತ ಹೆಚ್ಚಾಗಿ ಓಟಕ್ಕೂ ತಾಳಿಕೆಗೂ ಹೆಸರಾದುದು. ದಂಡಿನ ತೋಪುಗಳನ್ನೆಳೆದ ಎತ್ತುಗಳ ವಂಶ ಅದು. ನಾನು ಚಿಕ್ಕವನಾಗಿದ್ದಾಗ ಆ ಜಾತಿಯ ಹೋರಿಯೊಂದನ್ನು ಗಾಡಿಗೆ ಪಳಗಿಸುತ್ತಿದ್ದುದನ್ನು ನಮ್ಮ ಹಿತ್ತಲಿನ ಬಯಲಿನಲ್ಲಿ ನೋಡಿದ್ದೇನೆ. ಮೂಗುದಾರ ಹಿಡಿದಿದ್ದ ಮುದುಕ ರೈತನು ನಮ್ಮ ತಂದೆಯವರೊಡನೆ, "ಓಡುವಾಗ ಇದರಿಂದ ಭಯವಿಲ್ಲ, ಸ್ವಾಮಿ. ಹೊರಡುವಾಗಲೇ ಭಯ. ಮೊದಲ ಹತ್ತು ಹೆಜ್ಜೆ ಹಗ್ಗ ಬಿಗಿ ಹಿಡಿದರೆ ಆಮೇಲೆ ಎಷ್ಟು ದೂರವಾದರೂ ಸಡಿಲ ಬಿಡಬಹುದು" ಎಂದು ಹೇಳಿದನು. ಆಗ ನನಗೆ ಅದು ಎತ್ತಿನ ಮಾತಾಗಿಯೇ ಕೇಳಿಸಿತು.

ಐವತ್ತು ವರ್ಷಗಳಾದ ಮೇಲೆ ಆ ಮಾತು ನೆನಪಾದುದು ಒಂದು ಮೋಟಾರು ಸೈಕಲ್ಲಿನ ದೆಸೆಯಿಂದ. ನಾನು ಯಂತ್ರವಿದ್ಯೆ ಬಲ್ಲವನಲ್ಲ. ಎಣ್ಣೆಗಿರಣಿಯೊಂದರಲ್ಲಿ ನಲವತ್ತು ವರ್ಷ ಲೆಕ್ಕ ಬರೆದವನು. ನಮ್ಮ ಊರು ಕಡಲೆಕಾಯಿ ಎಣ್ಣೆಗೆ ಹೆಸರುವಾಸಿಯಾಗಿದ್ದ ಕಾಲದಲ್ಲಿ ಗಾಣದ ವಾಸನೆಯೂ ಜಮಾಖರ್ಚಿನ ಪುಸ್ತಕವೂ ನನ್ನ ಪ್ರಪಂಚವಾಗಿದ್ದುವು. ಆದಕಾರಣ ನಾನು ಬರೆಯುವ ಯಂತ್ರದ ವಿಚಾರವೆಲ್ಲ ಮಗನಿಂದ ಕೇಳಿ, ಆಮೇಲೆ ನಾಲ್ಕು ಕಡೆ ವಿಚಾರಿಸಿ ತಿಳಿದುಕೊಂಡುದು. ಸಂಸಾರದ ವಿಚಾರ ಮಾತ್ರ ನನ್ನದೇ.

ನನ್ನ ಮಗನು ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. 2022ನೆಯ ಇಸವಿಯಲ್ಲಿ ಅವನು ಜಪಾನಿನ ಮಾದರಿಯ ದೊಡ್ಡ ಮೋಟಾರು ಸೈಕಲ್ಲೊಂದನ್ನು, ಹಿಂದೊಬ್ಬರು ಬಳಸಿ ಬಿಟ್ಟುದನ್ನು, ಸಾಲ ಮಾಡಿ ಕೊಂಡನು. ಪಂದ್ಯದ ಗಾಡಿಯ ಚುರುಕನ್ನೂ ದೂರ ಪ್ರಯಾಣದ ಸುಖವನ್ನೂ ಕೂಡಿಸಿ ಮಾಡಿದ ಈ ಜಾತಿಗೆ ಸ್ಪೋರ್ಟ್ ಟೂರಿಂಗ್ ಎಂದು ಹೆಸರಂತೆ. ಅದನ್ನು ಮೊದಲ ಸಲ ಮನೆಯ ಮುಂದೆ ತಂದು ನಿಲ್ಲಿಸಿದ ದಿನ ಬೀದಿಯ ಮಕ್ಕಳೆಲ್ಲ ಸೇರಿದರು. ಮನೆಯವಳು ಬಾಗಿಲಿನಲ್ಲಿಯೇ ನಿಂತು, "ಇದಕ್ಕೆ ಆರತಿ ಎತ್ತಬೇಕೋ, ನಿನಗೆ ದೃಷ್ಟಿ ತೆಗೆಯಬೇಕೋ, ನೀನೇ ಹೇಳಪ್ಪ" ಎಂದಳು. ಕಡೆಗೆ ಎರಡನ್ನೂ ಮಾಡಿದಳು.

ಗಾಡಿಯ ತೂಕ 260 ಕಿಲೋಗ್ರಾಮಿನ ಸುಮಾರು. ಬಲ 150 ಅಶ್ವಶಕ್ತಿಗೂ ಮಿಕ್ಕಿದ್ದು. ನನ್ನ ಯೌವನದಲ್ಲಿ ಹುಡುಗರ ತಲೆ ಕೆಡಿಸಿದ ಯಮಹಾ ಆರ್.ಎಕ್ಸ್. 100 ಎಂಬ ಗಾಡಿಯು 1985ರಲ್ಲಿ ನಮ್ಮ ದೇಶದ ಪೇಟೆಗೆ ಬಂದಾಗ ಅದರ ಬಲ 11 ಅಶ್ವಶಕ್ತಿ; ಅದನ್ನೇ ನಾವು ಗಾಳಿಗಾಡಿಯೆನ್ನುತ್ತಿದ್ದೆವು. ಅಂತಹ ಹದಿನಾಲ್ಕು ಗಾಡಿಗಳನ್ನು ಒಂದೇ ನೊಗಕ್ಕೆ ಕಟ್ಟಿದರೆ ಎಷ್ಟಾದೀತೋ ಅಷ್ಟನ್ನು ನನ್ನ ಮಗನು ತನ್ನ ಬಲಗೈಯ ಮಣಿಕಟ್ಟಿನಲ್ಲಿ ಹಿಡಿದಿದ್ದನು.

2023ರ ದೀಪಾವಳಿಗೆ ಬಂದಾಗ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಅವನು ತನ್ನ ಗಾಡಿಯ ಮೇಲೆ ಒಂದು ದೂರನ್ನು ಹೇಳಿದನು. "ಅಪ್ಪಾಜಿ, ಇದಕ್ಕೆ ಇರುವ ಬಲವನ್ನೆಲ್ಲ ಕಾರ್ಖಾನೆಯವರು ಕೊಟ್ಟಿಲ್ಲ. ಒಂದು, ಎರಡು, ಮೂರನೆಯ ಗೇರುಗಳಲ್ಲಿ ಕಟ್ಟಿಹಾಕಿದ್ದಾರೆ. ಕಾಸು ಕೊಟ್ಟವನು ನಾನು. ಬಲಕ್ಕೆ ಬೀಗ ಹಾಕುವುದಕ್ಕೆ ಅವರು ಯಾರು?"

ಆ ಕಟ್ಟನ್ನು ಅವನು ನನಗೆ ತಿಳಿಸಿದ ಬಗೆ ಹೀಗೆ. ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯಲ್ಲಿ ಒಂದರ ಹಿಂದೊಂದರಂತೆ ಎರಡು ಚಿಟ್ಟೆಬಾಗಿಲುಗಳಿವೆ. ಒಂದು ಸವಾರನ ಕೈ ತಿರುಗಿಸಿದಂತೆ ತಂತಿಯ ಮೂಲಕ ತೆರೆಯುತ್ತದೆ. ಇನ್ನೊಂದನ್ನು ತೆರೆಯುವುದು ಗಾಡಿಯೊಳಗಿನ ಕಂಪ್ಯೂಟರಿನ ಅಪ್ಪಣೆಯಂತೆ ನಡೆಯುವ ಒಂದು ಚಿಕ್ಕ ಮೋಟಾರು. ಸವಾರನು ತನ್ನ ಬಾಗಿಲನ್ನು ಪೂರ್ತಿಯಾಗಿ ತೆರೆದರೂ ಕೆಳಗಿನ ಗೇರುಗಳಲ್ಲಿ ಕಂಪ್ಯೂಟರು ತನ್ನ ಬಾಗಿಲನ್ನು ಅರೆಮರೆಯಾಗಿಯೇ ಇಡುತ್ತದೆ. ಕೆಲವು ಮಾದರಿಗಳಲ್ಲಿ ಇದರ ಜೊತೆಗೆ ಕಿಡಿ ಹಾರಿಸುವ ಗಳಿಗೆಯನ್ನು ಸ್ವಲ್ಪ ತಡಮಾಡಿ ಬಲವನ್ನು ತಗ್ಗಿಸುವುದೂ ಉಂಟು. ಇತ್ತೀಚಿನ ಗಾಡಿಗಳಲ್ಲಿ ತಂತಿಯೇ ಇಲ್ಲ. ಕೈಯ ಕೋರಿಕೆಯು ಅರ್ಜಿಯಂತೆ ಕಂಪ್ಯೂಟರಿಗೆ ಹೋಗಿ, ಮಂಜೂರಾದಷ್ಟು ಬಾಗಿಲು ಮಾತ್ರ ತೆರೆಯುತ್ತದೆ.

ಯಾವ ಗೇರಿನಲ್ಲಿದ್ದೇವೆಂಬುದು ಕಂಪ್ಯೂಟರಿಗೆ ಹೇಗೆ ತಿಳಿಯುತ್ತದೆ? ಗೇರುಪೆಟ್ಟಿಗೆಯಲ್ಲಿ ಒಂದು ಸಣ್ಣ ಉಪಕರಣವಿದೆ. ಒಂದೊಂದು ಗೇರಿಗೆ ಒಂದೊಂದು ಅಳತೆಯ ವಿದ್ಯುತ್ತನ್ನು ಅದು ಸಂದೇಶವಾಗಿ ಕಳುಹಿಸುತ್ತದೆ. ಈ ಸಂದೇಶದ ದಾರಿಯಲ್ಲಿ ಕೆಲವೇ ರೂಪಾಯಿ ಬೆಲೆಯ ಒಂದು ರೆಸಿಸ್ಟರನ್ನು ಸೇರಿಸಿದರೆ, ಗಾಡಿ ಒಂದನೆಯ ಗೇರಿನಲ್ಲಿದ್ದರೂ ಕಂಪ್ಯೂಟರಿಗೆ ಐದನೆಯ ಗೇರಿನ ಸುದ್ದಿ ಮುಟ್ಟುತ್ತದೆ. ಐದನೆಯ ಗೇರಿಗೆ ಕಟ್ಟಿಲ್ಲವಾದುದರಿಂದ ಅದು ಬಾಗಿಲನ್ನು ಪೂರ್ತಿಯಾಗಿ ತೆರೆಯುತ್ತದೆ. ಇದಲ್ಲದೆ ಕಂಪ್ಯೂಟರಿನೊಳಗಿನ ಲೆಕ್ಕದ ಕೋಷ್ಟಕವನ್ನೇ ಅಳಿಸಿ ಬೇರೆ ಬರೆಯುವ ಇನ್ನೊಂದು ಮಾರ್ಗವೂ ಇದೆ, ಅದು ಖರ್ಚಿನದು.

ಲೆಕ್ಕ ಬರೆದವನಾದ ನನಗೆ ಮೊದಲನೆಯ ಮಾರ್ಗವು ಕೇಳಿದೊಡನೆಯೇ ಹಿಡಿಸಲಿಲ್ಲ. "ಇದು ಬೀಗ ತೆಗೆಯುವುದಲ್ಲ, ಕಣೋ, ಸುಳ್ಳು ಲೆಕ್ಕ ಬರೆಯುವುದು" ಎಂದೆನು. ಅವನು ನಕ್ಕನು.

ವಾಚಕರು ನನ್ನ ಮಗನನ್ನು ಅವಿವೇಕಿಯೆಂದು ತಿಳಿಯಬಾರದು. ಅವನ ವಾದದಲ್ಲಿ ಸತ್ತ್ವವಿಲ್ಲದೆ ಇರಲಿಲ್ಲ. ಕಾರ್ಖಾನೆಯವರು ಹೀಗೆ ಕಟ್ಟುವುದಕ್ಕೆ ಸವಾರನ ಮೇಲಿನ ಕರುಣೆಯೊಂದೇ ಕಾರಣವಲ್ಲ. ಗಾಡಿಗಳ ಸದ್ದನ್ನು ಅಳೆಯುವ ಸರ್ಕಾರೀ ಪರೀಕ್ಷೆಯು ಎರಡನೆಯ ಮತ್ತು ಮೂರನೆಯ ಗೇರುಗಳಲ್ಲಿ ಗಾಡಿಯನ್ನು ರಭಸದಿಂದ ಓಡಿಸಿ ನಡೆಯತಕ್ಕದ್ದಾಗಿತ್ತು. ಆ ಗೇರುಗಳಲ್ಲಿ ಬಲವನ್ನು ತಗ್ಗಿಸಿದರೆ ಸದ್ದೂ ತಗ್ಗಿ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಸುಲಭ. ಹೊಗೆಯ ನಿಯಮಗಳೂ ಇದ್ದುವು. "ಪರೀಕ್ಷೆಗಾಗಿ ಹಾಕಿದ ಕಟ್ಟು ಪರೀಕ್ಷೆ ಮುಗಿದ ಮೇಲೆ ನನಗೇಕೆ?" ಎಂಬುದು ಅವನ ಪ್ರಶ್ನೆ. ಇನ್ನೊಂದು ಮಾತನ್ನೂ ಅವನು ಹೇಳಿದನು: ಬಳ್ಳಾರಿಯ ದಾರಿಯಲ್ಲಿ ಅದಿರಿನ ಲಾರಿಯ ಹಿಂದೆ ತೆವಳುತ್ತಿರುವಾಗ ಥಟ್ಟನೆ ಮುಂದಕ್ಕೆ ಹಾಯಬೇಕಾದರೆ ಗಾಡಿಯು ಒಂದು ಗಳಿಗೆ ಅನುಮಾನಿಸಿ ಆಮೇಲೆ ಎಗರುತ್ತದೆ, ಆ ಅನುಮಾನವೇ ಅಪಾಯಕರ ಎಂದು.

ಕೊನೆಗೆ ನಮ್ಮ ಊರಿನ ಹೆಮ್ಮೆಯನ್ನೂ ಎತ್ತಿದನು. "ಇದೇ ಚಳ್ಳಕೆರೆಯ ಬಯಲಿನಲ್ಲಿ 2016ರಲ್ಲಿ ಚಾಲಕನಿಲ್ಲದ ರುಸ್ತುಂ-2 ವಿಮಾನವನ್ನು ಹಾರಿಸಿದರು. ಯಂತ್ರದ ಮಿತಿಯನ್ನು ಪರೀಕ್ಷಿಸದೆ ಯಾರು ಏನು ಕಂಡುಹಿಡಿದಾರು, ಅಪ್ಪಾಜಿ?"

"ಅವರು ಸುತ್ತ ಬೇಲಿ ಹಾಕಿಕೊಂಡು ಹಾರಿಸಿದರು. ನೀನು ಕುರಿಮಂದೆಯ ನಡುವೆ ಓಡಿಸುತ್ತೀಯೆ" ಎಂದು ನಾನು ಹೇಳಿ, ನನಗೆ ತಿಳಿದ ಕಾನೂನನ್ನೂ ಸೇರಿಸಿದೆನು. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣದಂತೆ, ತಯಾರಕರು ಮೂಲದಲ್ಲಿ ಗೊತ್ತುಪಡಿಸಿ ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಖಂಡಿತವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದೆ ಭಾಗಗಳನ್ನು ಜೋಡಿಸಿದ ಮಾಲೀಕನಿಗೆ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ಜುಲ್ಮಾನೆ, ಇಲ್ಲವೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ ಎಂದಾಯಿತು. ಬೆರಳಿನುದ್ದದ ರೆಸಿಸ್ಟರು ಈ ಮಾತಿನೊಳಗೆ ಬರುವುದೋ ಇಲ್ಲವೋ ವಕೀಲರು ವಾದಿಸಲಿ. ಅಪಘಾತವಾದ ಮೇಲೆ ವಿಮೆಯವರು ಅದನ್ನು ಕಂಡರೆ ಸುಮ್ಮನಿರುವರೆಂದು ನಾನು ನಂಬಲಾರೆ. ಇಷ್ಟನ್ನು ಹೇಳಿದೆನು. ಮಗನು ಸುಮ್ಮನಾದನು. ಅವನ ಮೌನವನ್ನು ಒಪ್ಪಿಗೆಯೆಂದು ತಿಳಿದು ನಾನು ನಿದ್ದೆಗೆ ಹೋದೆನು. ಮಕ್ಕಳು ಬೆಳೆದ ಮೇಲೆ ತಂದೆಯಾದವನು ಮಾಡುವ ತಪ್ಪುಗಳಲ್ಲಿ ಇದೊಂದು.

2024ರ ಜನವರಿಯಲ್ಲಿ ನನ್ನ ಮಗಳ ಮದುವೆ ಗೊತ್ತಾಯಿತು. ಧಾರೆಯ ಸೀರೆಯನ್ನು ಮೊಳಕಾಲ್ಮೂರಿನಲ್ಲಿಯೇ, ನೇಯುವವರ ಮನೆಯಿಂದಲೇ ತರಬೇಕೆಂದು ಹೆಂಗಸರ ಸಂಕಲ್ಪ. ಅವರಿಬ್ಬರೂ ಬೆಳಗಿನ ಬಸ್ಸಿನಲ್ಲಿ ಹೊರಟರು. "ನೀವು ನನ್ನ ಹಿಂದೆ ಕೂತುಕೊಳ್ಳಿ, ಅಪ್ಪಾಜಿ. ಒಂದು ಸಲ ಕೂತ ಮೇಲೆ ಬೈಯಿರಿ" ಎಂದು ಮಗನು ಕರೆದನು. ಅರವತ್ತು ವರ್ಷದ ತಲೆಗೆ ಶಿರಸ್ತ್ರಾಣವನ್ನು ತೊಡಿಸಿಕೊಂಡು ನಾನು ಆ ಎತ್ತರದ ಪೀಠವನ್ನು ಏರಿದೆನು.

ಸತ್ಯವನ್ನು ಹೇಳಬೇಕಾದರೆ, ತಳಕು ದಾಟುವವರೆಗೆ ನನಗೆ ಸಂತೋಷವಾಯಿತು. ಎರಡು ಕಡೆಯೂ ಕಡಲೆಕಾಯಿ ಕಿತ್ತಾದ ಹೊಲಗಳು, ಅಲ್ಲಲ್ಲಿ ಜಾಲಿ, ದೂರದಲ್ಲಿ ಬೋಳುಗುಡ್ಡಗಳು. ಅವುಗಳ ನಡುವೆ ಗಾಡಿಯು ಎಣ್ಣೆಯ ಮೇಲೆ ಜಾರಿದಂತೆ ಸಾಗುತ್ತಿತ್ತು. ಮಗನು ಅತಿವೇಗ ಮಾಡಲಿಲ್ಲ. ಹಿರೇಹಳ್ಳಿ ಬಂದಾಗ ಮಾತ್ರ ನಾನು ಕಣ್ಣು ಮುಚ್ಚಿಕೊಂಡೆನು. ಅದರ ಕಾರಣವನ್ನು ಆಮೇಲೆ ಹೇಳುತ್ತೇನೆ.

ಬಿ.ಜಿ. ಕೆರೆ ಕಳೆದು, ಹಾನಗಲ್ಲಿನಲ್ಲಿ ಹೆದ್ದಾರಿಯನ್ನು ಬಿಟ್ಟು ಮೊಳಕಾಲ್ಮೂರಿನ ಕಡೆಗೆ ತಿರುಗಿದೆವು. ಸ್ವಲ್ಪ ದೂರದಲ್ಲಿ ಒಂದು ಕುರಿಮಂದೆ ದಾರಿಯನ್ನು ತುಂಬಿಕೊಂಡು ಬರುತ್ತಿತ್ತು. ಕಂಬಳಿ ಹೊದ್ದ ಕುರುಬರ ಹುಡುಗನು ಕೋಲಿನಿಂದ ನಮಗೆ ದಾರಿ ತೋರಿಸಿದನು. ಮಗನು ಗಾಡಿಯನ್ನು ನಡಿಗೆಯ ವೇಗಕ್ಕೆ ಇಳಿಸಿ ಮಂದೆಯನ್ನು ದಾಟಿಸಿದನು. ಮುಂದೆ ಬಯಲು ಕಂಡಿತು. ಅವನ ಬಲಗೈ ತಿರುಗಿತು. ಆದರೆ ಆ ತಾವಿನಲ್ಲಿಯೇ ಯಾರೋ ರೈತರು ಹುರುಳಿಯನ್ನು ರಸ್ತೆಯ ಮೇಲೆ ಹರವಿ ಒಕ್ಕಣೆ ಮಾಡಿಕೊಂಡು ಹೋಗಿದ್ದರು. ಒಣಗಿದ ಹೊಟ್ಟು ದಾರಿಯ ಅರ್ಧಕ್ಕೆ ಹಾಸಿದಂತಿತ್ತು. ನನ್ನ ಕೆಳಗೆ ಹಿಂದಿನ ಚಕ್ರವು ಥಟ್ಟನೆ ಹಾವಿನ ಬಾಲದಂತೆ ಪಕ್ಕಕ್ಕೆ ಹೊರಳಿತು. ಎಂಜಿನ್ನು ಒಮ್ಮೆ ಅರಚಿತು. ಮಗನು ಕೈಯನ್ನು ಬಿಟ್ಟು ಎರಡು ಕಾಲುಗಳನ್ನೂ ನೆಲಕ್ಕೂರಿದನು. ಗಾಡಿ ಇನ್ನೊಂದು ಕಡೆಗೆ ಹೊರಳಿ, ತೂಗಾಡಿ, ನಿಂತಿತು. ನಾವು ಬೀಳಲಿಲ್ಲ. ಎರಡು ಕುರಿಗಳು ಮಾತ್ರ ಬೆದರಿ ಹೊಲಕ್ಕೆ ಹಾರಿದುವು.

ಇಬ್ಬರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಉಸಿರು ಹಿಂದಿರುಗಿದ ಮೇಲೆ ನಾನು ಅವನ ಹೆಗಲ ಮೇಲಿನಿಂದ ಮುಂದಕ್ಕೆ ಬಗ್ಗಿದೆನು. ಗಾಡಿ ನಿಂತಲ್ಲಿಯೇ ಗುರುಗುಡುತ್ತಿತ್ತು. ಮುಂದಿನ ಫಲಕದಲ್ಲಿ ಒಂದು ಅಂಕಿ ಬೆಳಗುತ್ತಿತ್ತು: 5.

"ಇದು ಏನು ಅಂಕಿ?"

"ಗೇರು, ಅಪ್ಪಾಜಿ."

"ಈಗ ಯಾವ ಗೇರಿನಲ್ಲಿದೆ?"

ಅವನು ತಡೆದು ಹೇಳಿದನು: "ಒಂದರಲ್ಲಿ."

ನಲವತ್ತು ವರ್ಷ ಲೆಕ್ಕ ನೋಡಿದವನಿಗೆ ಒಂದರ ತಾವಿನಲ್ಲಿ ಐದು ಬರೆದಿದ್ದರೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾನು ಇಳಿದೆನು. ದಾರಿಯ ಪಕ್ಕದಲ್ಲಿ ಒಂದು ಹುಣಿಸೆಯ ಮರವಿತ್ತು. ಅದರ ಬುಡದಲ್ಲಿ ಕುಳಿತೆವು. ದೀಪಾವಳಿಯಾದ ಹದಿನೈದು ದಿನಕ್ಕೇ ಬೆಂಗಳೂರಿನಲ್ಲಿ ಆ ರೆಸಿಸ್ಟರನ್ನು ಹಾಕಿಸಿದೆನೆಂದು ಅವನು ತಲೆತಗ್ಗಿಸಿ ಒಪ್ಪಿಕೊಂಡನು.

ಕಾರ್ಖಾನೆಯ ಕಟ್ಟು ಇದ್ದಿದ್ದರೆ ಚಕ್ರವು ಜಾರುತ್ತಲೇ ಇರಲಿಲ್ಲವೆಂದು ನಾನು ಪ್ರಮಾಣ ಮಾಡಲಾರೆ. ಒಣಹೊಟ್ಟಿನ ಮೇಲೆ ಬರಿಗಾಲಿನ ಮನುಷ್ಯನೂ ಜಾರುತ್ತಾನೆ. ಆದರೆ ಇಷ್ಟು ನಿಜ: ಒಂದೇ ಎಂಜಿನ್ನಿನ ತಿರುಗುಬಲವು ಕಡೆಯ ಗೇರಿಗಿಂತ ಮೊದಲನೆಯ ಗೇರಿನಲ್ಲಿ ಸುಮಾರು ಎರಡೂವರೆಯಷ್ಟಾಗಿ ಚಕ್ರಕ್ಕೆ ಮುಟ್ಟುತ್ತದೆ, ಗೇರುಗಳಿರುವುದೇ ಅದಕ್ಕಾಗಿ. ಚಕ್ರಕ್ಕೂ ನೆಲಕ್ಕೂ ಇರುವ ಹಿಡಿತವಾದರೋ ಗೇರಿನೊಡನೆ ಬೆಳೆಯುವುದಿಲ್ಲ. ಬಲವು ಹಿಡಿತವನ್ನು ಮೀರಿದಾಗ ಒಂದೋ ಹಿಂದಿನ ಚಕ್ರ ಜಾರಬೇಕು, ಇಲ್ಲವೆ ಮುಂದಿನ ಚಕ್ರ ಮೇಲೇಳಬೇಕು. ಪರೀಕ್ಷೆಯ ಸದ್ದಿಗಾಗಿಯೇ ಕಟ್ಟು ಹಾಕಿರಲಿ, ಹುರುಳಿಹೊಟ್ಟಿನ ಮೇಲೆ ಅದು ನಮಗೂ ಒಂದಿಷ್ಟು ಉಪಕಾರ ಮಾಡುತ್ತಿತ್ತು. ಹೊರಡುವಾಗಲೇ ಭಯವೆಂದ ಮುದುಕ ರೈತನ ಮಾತು ನನಗೆ ನೆನಪಾದುದು ಆ ಮರದ ಕೆಳಗೆ.

ಮಗನಿಗೆ ಬುದ್ಧಿ ಹೇಳಲು ನನಗೆ ಒಳ್ಳೆಯ ಸಾಮಗ್ರಿ ಸಿದ್ಧವಾಗಿತ್ತು. ಇದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಅವರು ಅವನ್ನು ಬೆಳಕಿಗೆ ತಂದರು. ತಾಯಿತಂದೆಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂಬ ಅಭಿಪ್ರಾಯ ಅವುಗಳಲ್ಲಿದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಬಂಡೆಯನ್ನು ಸಾಕ್ಷಿಯಾಗಿಟ್ಟುಕೊಂಡು ಮೊದಲನೆಯ ಉಪದೇಶವನ್ನು ಅವನ ತಲೆಯ ಮೇಲೆ ಹೇರಬೇಕೆಂದು ಬಾಯಿ ತೆರೆದೆನು. ಮೂರನೆಯ ಉಪದೇಶವು ಅಡ್ಡ ಬಂದಿತು. ನಾನು ಹಿರೇಹಳ್ಳಿಯಲ್ಲಿ ಕಣ್ಣು ಮುಚ್ಚಿಕೊಂಡುದು ಏಕೆಂಬುದು ಅವನಿಗೆ ತಿಳಿದಿರಲಿಲ್ಲ, ಯಾರಿಗೂ ತಿಳಿದಿರಲಿಲ್ಲ.

1988ರಲ್ಲಿ ನಾನು ಗಿರಣಿಯ ಸಂಬಳದಲ್ಲಿ ಉಳಿಸಿದ ಹಣಕ್ಕೆ ನಮ್ಮ ತಂದೆಯವರು ಸ್ವಲ್ಪ ಸೇರಿಸಿ ಆರ್.ಎಕ್ಸ್. 100 ಗಾಡಿಯೊಂದನ್ನು ಕೊಡಿಸಿದರು. 11 ಅಶ್ವಶಕ್ತಿ ನನಗೆ ಸಾಲದಾಯಿತು. ಸೈಲೆನ್ಸರಿನ ಒಳಕೊಳವೆಯನ್ನು ಕೊಯ್ದು ಸದ್ದು ಹೆಚ್ಚಿಸಿದೆನು; ಅದು ಎಲ್ಲರಿಗೂ ಕೇಳಿಸುತ್ತಿತ್ತು, ಬೈಸಿಕೊಂಡೂ ಆಯಿತು. ಯಾರಿಗೂ ಕಾಣದಂತೆ ಮಾಡಿದುದು ಇನ್ನೊಂದು. ಹಿಂದಿನ ಚಕ್ರದ ಹಲ್ಲುಗಾಲಿಯನ್ನು ತೆಗೆದು, ಅದಕ್ಕಿಂತ ಹೆಚ್ಚು ಹಲ್ಲುಗಳ ಬೇರೊಂದನ್ನು ಹಾಕಿಸಿದೆನು. ಇದರಿಂದ ಗಾಡಿಯ ಕಡೆಯ ವೇಗ ಸ್ವಲ್ಪ ತಗ್ಗುತ್ತದೆ. ಆದರೆ ಕೆಳಗಿನ ಗೇರುಗಳಲ್ಲಿ ಅದು ಹುಚ್ಚುಕುದುರೆಯಂತೆ ಎಗರುತ್ತದೆ. ನನ್ನ ಕೈ ಅದಕ್ಕೆ ಒಗ್ಗಿತ್ತು. ನನ್ನ ತಮ್ಮನ ಕೈಗೆ ಒಗ್ಗಿರಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗ. ಒಂದು ಸಾಯಂಕಾಲ ನನ್ನನ್ನು ಕೇಳದೆ ಗಾಡಿಯನ್ನು ತೆಗೆದುಕೊಂಡು ಹಿರೇಹಳ್ಳಿಯಲ್ಲಿದ್ದ ಗೆಳೆಯನ ಮನೆಗೆ ಹೋದನು. ಅಲ್ಲಿಂದ ಹೊರಡುವಾಗ, ಮೊದಲನೆಯ ಗೇರಿನಲ್ಲಿ, ಮುಂದಿನ ಚಕ್ರವು ಮೇಲಕ್ಕೆದ್ದಿತು. ಗಾಡಿ ಅವನ ಮೇಲೆ ಬಿದ್ದು ಎಡದ ಮೊಣಕಾಲು ಮುರಿಯಿತು. ಮೂರು ತಿಂಗಳು ಹಾಸಿಗೆಯಲ್ಲಿದ್ದನು. ಸೈನ್ಯಕ್ಕೆ ಸೇರಬೇಕೆಂದಿದ್ದವನು ಕಿರಾಣಿ ಅಂಗಡಿಯಲ್ಲಿ ಕುಳಿತನು. ಇಂದಿಗೂ ಕುಂಟುತ್ತಾನೆ.

ಗಾಡಿಯನ್ನು ಮನೆಗೆ ಸಾಗಿಸಿದ ರಾತ್ರಿ ನಾನು ಲಾಂದ್ರದ ಬೆಳಕಿನಲ್ಲಿ ಹೊಸ ಹಲ್ಲುಗಾಲಿಯನ್ನು ಬಿಚ್ಚಿ ಹಳೆಯದನ್ನು ಹಾಕಿದೆನು. ಬಿಚ್ಚಿದುದನ್ನು ಗಿರಣಿಯ ಗುಜರಿಯ ಪೆಟ್ಟಿಗೆಯಲ್ಲಿ ಅಡಗಿಸಿದೆನು. "ಕೇಳದೆ ಮುಟ್ಟಿದ, ಅನುಭವಿಸಿದ" ಎಂದು ತಂದೆಯವರು ತಮ್ಮನನ್ನು ಬೈದರು. ವರ್ಷಗಟ್ಟಲೆ ಬೈದರು. ನಾನು ಪಕ್ಕದಲ್ಲಿಯೇ ನಿಂತಿದ್ದೆನು.

ಇದನ್ನು ಹುಣಿಸೆಯ ಮರದ ಕೆಳಗೆ ಮಗನಿಗೆ ಹೇಳಿದೆನು. ಹೇಳುವಾಗ ಅವನ ಮುಖವನ್ನು ನೋಡಲಿಲ್ಲ. ಮಂದೆಯ ಧೂಳು ಅಡಗುವುದನ್ನು ನೋಡುತ್ತಿದ್ದೆನು. ಅವನು ಬಹಳ ಹೊತ್ತಿನ ಮೇಲೆ, "ಚಿಕ್ಕಪ್ಪನಿಗೆ ಗೊತ್ತೇ?" ಎಂದನು.

"ಇಲ್ಲ."

"ಹಾಗಾದರೆ ನಿಮ್ಮ ಫಲಕದಲ್ಲಿಯೂ ಐದೇ ಇದೆ, ಅಪ್ಪಾಜಿ" ಎಂದನು. ಅದರಲ್ಲಿ ಕುಚೋದ್ಯವಿರಲಿಲ್ಲ. ಇದ್ದಿದ್ದರೆ ನನಗೆ ಸಹಿಸುವುದು ಸುಲಭವಾಗುತ್ತಿತ್ತು.

ಮೊಳಕಾಲ್ಮೂರನ್ನು ಸೇರುವ ವೇಳೆಗೆ ಹೆಂಗಸರು ನೇಕಾರರ ಮನೆಯಲ್ಲಿ ಕುಳಿತು ಆಗಲೇ ಹತ್ತು ಸೀರೆ ಬಿಡಿಸಿದ್ದರು. ಭೌಗೋಳಿಕ ಗುರುತಿನ ಮುದ್ರೆ ಪಡೆದ ಈ ಊರಿನ ರೇಷ್ಮೆಸೀರೆಗಳ ಅಂದವನ್ನು ವರ್ಣಿಸುವ ಶಕ್ತಿ ನನಗಿಲ್ಲ; ಅದು ಈ ಪತ್ರಿಕೆಯನ್ನೋದುವ ಗೃಹಿಣಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಒಳಗಿನ ಮಗ್ಗದ ಬಳಿ ನಿಂತೆನು. ಹದಿನೆಂಟು ವರ್ಷದ ಹುಡುಗನೊಬ್ಬನು ಲಾಳಿ ಹಾಯಿಸುತ್ತಿದ್ದನು. ಅವನ ತಂದೆ ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು. ಒಂದು ಎಳೆ ಕಿತ್ತಿತು. ಹುಡುಗನು ತಂದೆಯ ಮುಖ ನೋಡಿದನು. ಅವರು ಬೈಯಲಿಲ್ಲ, ಕೆಳಗೆ ಬಗ್ಗಿ ಎಳೆಯನ್ನು ಹುರಿಮಾಡಿ ಸೇರಿಸಿದರು.

"ಹೊಸ ಹಾಸು, ಸ್ವಾಮಿ" ಎಂದು ನನ್ನ ಕಡೆ ತಿರುಗಿ ಹೇಳಿದರು. "ಮೊದಲ ಗೇಣು ಮೆತ್ತಗೆ ನೇಯಬೇಕು. ಆಮೇಲೆ ಕೈ ತಾನಾಗಿ ಓಡುತ್ತದೆ. ನಾನೂ ಈ ವಯಸ್ಸಿನಲ್ಲಿ ಬಹಳ ಎಳೆ ಕಿತ್ತಿದ್ದೇನೆ; ಅದನ್ನು ಇವನಿಗೆ ಹೇಳಿದ್ದೇನೆ."

ಆ ಕಡೆಯ ಮಾತನ್ನು ಅವರು ಸಹಜವಾಗಿ ಆಡಿದರು. ನನ್ನ ಹಿಂದೆ ನಿಂತಿದ್ದ ಮಗನು ಮೆಲ್ಲನೆ ಕೆಮ್ಮಿದನು. ಕಡುಗೆಂಪಿನ, ಹಸುರು ಅಂಚಿನ ಸೀರೆಯೊಂದು ಗೊತ್ತಾಯಿತು. ಹಿಂದಿರುಗುವಾಗ ಸೀರೆಯ ಕಟ್ಟನ್ನು ಮಡಿಲಿನಲ್ಲಿಟ್ಟುಕೊಂಡು ನಾನು ಪುನಃ ಅವನ ಹಿಂದೆಯೇ ಕುಳಿತೆನು. "ಬಸ್ಸಿನಲ್ಲಿ ಬರಬಹುದಲ್ಲ" ಎಂದು ಮನೆಯವಳು ಕೇಳಿದಳು. ಬರಬಹುದಾಗಿತ್ತು.

ಮುಂದಿನ ತಿಂಗಳು ಮಗನು ಊರಿಗೆ ಬಂದಾಗ ಕೈಯಲ್ಲಿ ಒಂದು ಸಣ್ಣ ಪೊಟ್ಟಣವನ್ನು ತಂದು ನನ್ನ ಮೇಜಿನ ಮೇಲಿಟ್ಟನು. ಒಳಗೆ ಎರಡು ತಂತಿಗಳ ಒಂದು ತುಣುಕು, ಕಡಲೆಕಾಯಿಗಿಂತ ದೊಡ್ಡದಲ್ಲ. ಅದನ್ನು ತೆಗೆಸುವಾಗ ಅನುಭವಸ್ಥನಾದ ಮೆಕ್ಯಾನಿಕ್ಕೊಬ್ಬನು ಗಾಡಿಯನ್ನು ಪರೀಕ್ಷಿಸಿ, ಅದು ಅನುಮಾನಿಸಿ ಎಗರುವುದಕ್ಕೆ ಕಾರ್ಖಾನೆಯ ಕಟ್ಟು ಅರ್ಧ ಕಾರಣವೂ ಅಲ್ಲವೆಂದು ತೋರಿಸಿದನಂತೆ. ಕೈಹಿಡಿಯ ತಂತಿಯ ಸಡಿಲು ಎರಡು ಮೂರು ಮಿಲಿಮೀಟರಿನಷ್ಟಿರಬೇಕಾದಲ್ಲಿ ಅದರ ಮೂರರಷ್ಟಿತ್ತು. ಸರಪಳಿಯೂ ಜೋಲು ಬಿದ್ದಿತ್ತು. ಕೈ ತಿರುಗಿಸಿದೊಡನೆ ಮೊದಲು ಈ ಸಡಿಲುಗಳು ತೀರಬೇಕು, ಆಮೇಲೆ ಬಲ ಚಕ್ರಕ್ಕೆ ಮುಟ್ಟಬೇಕು. ಆದ್ದರಿಂದಲೇ ಆ ಗಳಿಗೆಯ ಅನುಮಾನ, ಅದರ ಹಿಂದೆಯೇ ಎಗರು. ಎರಡನ್ನೂ ಬಿಗಿ ಮಾಡಿಸಿದ ಮೇಲೆ ಗಾಡಿ ಹೇಳಿದಂತೆ ಕೇಳುತ್ತಿದೆಯಂತೆ. ಮಿಕ್ಕ ಅರ್ಧ ಇನ್ನೂ ಇದೆಯೆಂದೂ, ಕಾರ್ಖಾನೆಯವರು ಮಾಡಿದುದೆಲ್ಲ ಸರಿಯೆಂದು ತಾನು ಒಪ್ಪಿಲ್ಲವೆಂದೂ ಅವನು ಸೇರಿಸಿದನು. ಅದೂ ನ್ಯಾಯವೇ. ಬೀದಿಗೆ ಕರೆದುಕೊಂಡು ಹೋಗಿ ಗಾಡಿಯನ್ನು ಹೂಡಿ, ಮೊದಲನೆಯ ಗೇರಿಗೆ ಹಾಕಿ, ಫಲಕವನ್ನು ತೋರಿಸಿದನು. ಒಂದರ ತಾವಿನಲ್ಲಿ ಒಂದು ಬೆಳಗುತ್ತಿತ್ತು.

ನನ್ನ ಫಲಕ ಹಾಗೆಯೇ ಉಳಿದಿತ್ತು. ನಮ್ಮ ಸೀಮೆಯ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಮಾತೆಂದು 'ಮಾಡಿದಷ್ಟು ನೀಡು ಭಿಕ್ಷೆ' ಎಂಬುದು ಮನೆಮನೆಯಲ್ಲಿಯೂ ಇದೆ. ಮಾಡಿದ್ದನ್ನು ಜಮೆಗೆ ಬರೆದುಕೊಳ್ಳುವಾಗ ನನಗೆ ಎಂದೂ ಕೈ ನಡುಗಿದುದಿಲ್ಲ. ಖರ್ಚಿಗೆ ಬರೆಯಬೇಕಾದ ಈ ಒಂದು ಸಾಲು ಮೂವತ್ತಾರು ವರ್ಷ ಬಿಟ್ಟುಹೋಗಿತ್ತು. ಮದುವೆಯ ಹಿಂದಿನ ದಿನ ಚಪ್ಪರದ ಕೆಲಸ ಮುಗಿದ ಮೇಲೆ ತಮ್ಮನೂ ನಾನೂ ಇಬ್ಬರೇ ಉಳಿದೆವು. ಅವನು ಎಡಗಾಲನ್ನು ನೀಡಿಕೊಂಡು ಚಾಪೆಯ ಮೇಲೆ ಕುಳಿತಿದ್ದನು. ನಾನು ಹಲ್ಲುಗಾಲಿಯ ವಿಚಾರವನ್ನೆಲ್ಲ ಮೊದಲಿನಿಂದ ಕಡೆಯವರೆಗೆ ಹೇಳಿದೆನು.

ಅವನು ಕೋಪಿಸಿಕೊಳ್ಳುವನೆಂದು ಎಣಿಸಿದ್ದೆ. ಇಲ್ಲವೆ ಹಳೆಯದನ್ನು ಏಕೆ ಕೆದಕುವೆಯೆಂದು ನಗುವನೆಂದು. ಅವನು ಎರಡನ್ನೂ ಮಾಡಲಿಲ್ಲ. ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಚಪ್ಪರದ ಗರಿಗಳನ್ನು ನೋಡುತ್ತ ಕುಳಿತನು.

"ನಾನು ಅಷ್ಟು ಜೋರಾಗಿ ತಿರುಗಿಸಿರಲಿಲ್ಲ, ಅಣ್ಣ" ಎಂದನು ಕಡೆಗೆ. "ಯಾರಿಗೆ ಹೇಳಿದರೂ ನಂಬಲಿಲ್ಲ. ಬರಬರುತ್ತ ನಾನೂ ನಂಬುವುದನ್ನು ಬಿಟ್ಟೆ."

ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹೇಳಿದನು: "ಅಪ್ಪನಿಗೆ ಹೇಳಬೇಕಾಗಿತ್ತು."

ತಂದೆಯವರು ತೀರಿಕೊಂಡು ಹದಿನಾಲ್ಕು ವರ್ಷಗಳಾಗಿದ್ದುವು. ನಾನು ಉತ್ತರ ಕೊಡಲಿಲ್ಲ; ಇರಲಿಲ್ಲ. ಒಳಗಿನಿಂದ ಮನೆಯವಳು ಊಟಕ್ಕೆ ಕರೆದಳು. ತಮ್ಮನು ಏಳುವುದಕ್ಕೆಂದು ಯಾವಾಗಲೂ ಹಿಡಿಯುತ್ತಿದ್ದ ಚಪ್ಪರದ ಕಂಬವನ್ನು ಬಿಟ್ಟು, ಆ ದಿನ ನನ್ನ ಕಡೆಗೆ ಕೈಯನ್ನು ಚಾಚಿದನು.